ಅರೀನಾ ಸಾಕರ್: ಗೆರೆಗಳು ಯಾಕೆ ಒಂದೇ ಥರ ಇಲ್ಲ?

ಪ್ರಶ್ನೆ: ಅಮೆರಿಕದ ಅರೀನಾ ಸಾಕರ್‌ನ (ಸುತ್ತ ಗೋಡೆ ಇರುವ ಅಂಗಳದ ಒಳಾಂಗಣ ಫುಟ್‌ಬಾಲ್) ಹಳೆಯ ವಿಡಿಯೋಗಳನ್ನೂ ಈಗಿನ ಎಂಎಎಸ್‌ಎಲ್ (ಮೇಜರ್ ಅರೀನಾ ಸಾಕರ್ ಲೀಗ್) ಪಂದ್ಯಗಳನ್ನೂ ನೋಡುತ್ತಿದ್ದೇನೆ. ಕೆಲವು ಅಂಗಳದಲ್ಲಿ ಗೋಲಿನ ಮುಂದೆ ದೊಡ್ಡ ಕಮಾನು ಗೆರೆ ಇದೆ, ಕೆಲವದರಲ್ಲಿ ಇಲ್ಲ. ವೃತ್ತಿಪರ ಆಟ ಅಲ್ವಾ, ಒಂದೇ ಥರ ಇರಬೇಡವಾ? ಗೋಲ್‌ಕೀಪರ್ ಚೆಂಡನ್ನು ಉದ್ದಕ್ಕೆ ಎಸೆದಾಗ ರೆಫರಿ ಸೀಟಿ ಊದಿದ್ದೂ ಅರ್ಥವಾಗಲಿಲ್ಲ.

ಉತ್ತರ 1: ಕಮಾನು ಅಂಕದ ಗೆರೆ. 1990ರ ದಶಕದ ಎನ್‌ಪಿಎಸ್‌ಎಲ್ ಎಂಬ ಹಳೆಯ ಲೀಗ್‌ನಲ್ಲಿ ಕಮಾನಿನ ಆಚೆಯಿಂದ ಹೊಡೆದ ಗೋಲ್‌ಗೆ 3 ಅಂಕ, ಒಳಗಿನಿಂದ ಹೊಡೆದದ್ದಕ್ಕೆ ಸಾಮಾನ್ಯವಾಗಿ 2. ಎಂಎಎಸ್‌ಎಲ್‌ನಲ್ಲಿ ಬಹುಕಾಲ ಪ್ರತಿ ಗೋಲ್‌ಗೆ ಒಂದೇ ಅಂಕ ಇತ್ತು.

ಉತ್ತರ 2: ಸೀಟಿ ಊದಿದ್ದು ಮೂರು ಗೆರೆ ನಿಯಮಕ್ಕೆ ಇರಬೇಕು. ನಡುಗೆರೆ, ಅದರ ಆಚೀಚೆ ಒಂದೊಂದು ಕೆಂಪು ಗೆರೆ. ಚೆಂಡು ಯಾರಿಗೂ ತಾಗದೆ, ಸುತ್ತಲಿನ ಗೋಡೆಗೂ ಬಡಿಯದೆ ಗಾಳಿಯಲ್ಲೇ ಮೂರನ್ನೂ ದಾಟಿ ಮುಂದೆ ಹೋದರೆ ತಪ್ಪು. ಗೋಡೆಗೆ ಒಮ್ಮೆ ಬಡಿದರೆ ಸಾಕು, ಆಟ ಮುಂದುವರಿಯುತ್ತದೆ. ಈ ನಿಯಮ ನನಗೆ ತುಂಬಾ ಇಷ್ಟ. ಇದಿಲ್ಲದಿದ್ದರೆ ಸುಮ್ನೆ ಈ ತುದಿಯಿಂದ ಆ ತುದಿಗೆ ಎಸೆಯುವುದೇ ಆಟವಾಗುತ್ತಿತ್ತು.

ಪ್ರಶ್ನೆ ಕೇಳಿದವರು: ಈಗ ತಿಳಿಯಿತು, ಥ್ಯಾಂಕ್ಸ್. ಆದರೂ ಬಳಕೆಯಲ್ಲಿಲ್ಲದ ಗೆರೆಗಳನ್ನು ಟರ್ಫ್‌ನಿಂದ ತೆಗೆಯಬೇಕು. ಹೊಸಬರಿಗೆ ತುಂಬಾ ಗೊಂದಲ.

ಉತ್ತರ 1: ಒಪ್ಪುತ್ತೇನೆ. ಹಾಗೇ ನೀಲಿ ಕಾರ್ಡ್ ಕಡೆಗೂ ಗಮನ ಕೊಡಿ, ಅದು ಸಿಕ್ಕ ಆಟಗಾರ 2 ನಿಮಿಷ ಹೊರಗೆ ಕೂರಬೇಕು, ಐಸ್ ಹಾಕಿಯ ಹಾಗೆ.