ವಿಳಾಸದೊಳಗಿನ ಕಾಮಾದಿಂದ ಕಾಲಂ ಒಡೆಯುತ್ತಿದೆ, ಏನು ಮಾಡಲಿ?

ಬಾಗಲಕೋಟೆಯಿಂದ ಕೇಳಿದ್ದು:
ನಮ್ಮದು ಇಳಕಲ್ ಸೀರೆ, ಗುಳೇದಗುಡ್ಡ ಖಣದ ಅಂಗಡಿ. ಗಿರಾಕಿಗಳ ಪಟ್ಟಿ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿದೆ. ಕೊರಿಯರ್‌ನವರು ಸಿಎಸ್‌ವಿ ಫೈಲ್, ಅಂದರೆ ಕಾಲಂಗಳ ನಡುವೆ ಕಾಮಾ ಇರುವ ಫೈಲ್, ಕೇಳುತ್ತಾರೆ. ‘ಮನೆ ನಂ. 18, ಬಸವಣ್ಣನ ಗುಡಿ ಹತ್ತಿರ, ನವನಗರ’ ಅನ್ನೋ ವಿಳಾಸ ಎಕ್ಸೆಲ್‌ನಲ್ಲಿ ಮೂರು ತುಂಡಾಗುತ್ತದೆ. ಪಿನ್‌ಕೋಡ್ ಇರಬೇಕಾದ ಜಾಗಕ್ಕೆ ಗುಡಿ ಬಂದು ಕೂರುತ್ತದೆ. ಕಾಮಾ ಎಲ್ಲಾ ತೆಗೆದುಬಿಟ್ಟರೆ ನಡೆಯುತ್ತಾ? ಗೊತ್ತಿದ್ದವರು ಹೇಳಿ.

ಬೆಳಗಾವಿಯಿಂದ:
ದಯವಿಟ್ಟು ತೆಗೆಯಬೇಡಿ ರೀ. ನಾನು ತೆಗೆದು ಅನುಭವಿಸಿದ್ದೇನೆ. ಆಗ ಒಂದು ಬೆಲ್ಲದ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಷರಾ ಕಾಲಂನಲ್ಲಿ ‘ಪೆಂಟಿ 12,14’ ಅಂತ ಬರೆದಿತ್ತು. ಎರಡು ಸಲ ಬಂದ ಮಾಲು ಅದು. ಕಾಮಾ ಹೋದಮೇಲೆ 1214 ಆಯಿತು! ಹಳೇ ಚೀಟಿ ಹುಡುಕಿ ಒಂದೊಂದೇ ಸಾಲು ಸರಿ ಮಾಡಲು ಎರಡು ದಿನ ಹಿಡಿಯಿತು. ಜನ ಬರೆಸಿದ ವಿಳಾಸ ಅವರು ಬರೆಸಿದ ಹಾಗೇ ಇರಲಿ.

ಮಾಡಬೇಕಾದ್ದು ಇಷ್ಟೇ. ಕಾಮಾ ಇರುವ ಪಠ್ಯದ ಎರಡೂ ತುದಿಗೆ ಡಬಲ್ ಕೋಟ್ ಬರಬೇಕು:
"ಮನೆ ನಂ. 18, ಬಸವಣ್ಣನ ಗುಡಿ ಹತ್ತಿರ, ನವನಗರ"
ಆಗ ಒಳಗಿನ ಕಾಮಾ ಬರೀ ಅಕ್ಷರ, ಹೊರಗಿನ ಕಾಮಾ ಕಾಲಂನ ಗಡಿ. ಸಿಎಸ್‌ವಿ ಹೇಗಿರಬೇಕು ಅಂತ ವಿವರಿಸುವ 2005ರ ದಾಖಲೆ ಆರ್‌ಎಫ್‌ಸಿ 4180 ಹೇಳುವುದೂ ಇದನ್ನೇ.

ಪಟ್ಟಿಯನ್ನು ಫೈಲ್‌ಗೆ ಬರೆಯುವ ಮೈಎಸ್‌ಕ್ಯೂಎಲ್‌ನ ‘ಇಂಟು ಔಟ್‌ಫೈಲ್’ ಸುಮ್ನೆ ಬಿಟ್ಟರೆ ಕಾಲಂಗಳ ನಡುವೆ ಟ್ಯಾಬ್ ಹಾಕುತ್ತದೆ, ಕೋಟ್ ಹಾಕುವುದಿಲ್ಲ. ‘ಟರ್ಮಿನೇಟೆಡ್ ಬೈ’ಗೆ ಕಾಮಾ ಕೊಡಿ, ‘ಎನ್‌ಕ್ಲೋಸ್ಡ್ ಬೈ’ಗೆ ಡಬಲ್ ಕೋಟ್ ಕೊಡಿ. ಇಲ್ಲೊಂದು ತೊಡಕು ಇದೆ. ಪಠ್ಯದೊಳಗೇ ಕೋಟ್ ಇದ್ದರೆ ಅದರ ಮುಂದೆ ಬ್ಯಾಕ್‌ಸ್ಲ್ಯಾಶ್ ಬರೆಯುತ್ತದೆ, ಎಕ್ಸೆಲ್‌ಗೆ ಅದು ಅರ್ಥವಾಗುವುದಿಲ್ಲ. ಹಾಗಾಗಿ ಆ ಗುರುತು ಯಾವುದೆಂದು ಹೇಳುವ ‘ಎಸ್ಕೇಪ್ಡ್ ಬೈ’ಗೂ ಡಬಲ್ ಕೋಟೇ ಕೊಡಿ. ಆದರೆ ಆಗ ನಲ್ (ಏನೂ ತುಂಬದ ಜಾಗ) ಇರುವ ಕಡೆ ಒಂದು ಒಂಟಿ ಕೋಟ್, ಪಕ್ಕದಲ್ಲಿ ‘ಎನ್’ ಅಕ್ಷರ ಬೀಳುತ್ತದೆ. ಆ ಒಂಟಿ ಕೋಟ್ ಮುಂದಿನ ಸಾಲುಗಳನ್ನೂ ಕೆಡಿಸುತ್ತದೆ. ನಲ್ ಬರಬಹುದಾದ ಕಾಲಂಗೆಲ್ಲ ‘ಇಫ್‌ನಲ್’ ಹಾಕಿ ಖಾಲಿ ಪಠ್ಯ ಮಾಡಿಕೊಳ್ಳಿ.

ವಿಜಯಪುರದಿಂದ:
ಪಠ್ಯದೊಳಗೆ ಕೋಟ್ ಎಲ್ಲಿಂದ ಬರುತ್ತದೆ ಅಂತೀರಾ? ನಾನು ದ್ರಾಕ್ಷಿ ಬೆಳೆಗಾರರಿಗೆ ಡ್ರಿಪ್ ಸಾಮಾನು ಕೊಡುವ ಅಂಗಡಿಗೆ ಸಾಫ್ಟ್‌ವೇರ್ ಬರೆದೆ. ಅಲ್ಲಿ ಪೈಪಿನ ಇಂಚು ತೋರಿಸುವುದೇ ಕೋಟ್‌ನಿಂದ: ಪೈಪ್ 2", 6 ಮೀಟರ್. ಫೈಲ್‌ನಲ್ಲಿ ಇದು ಹೀಗೆ ಬರಬೇಕು:
"ಪೈಪ್ 2"", 6 ಮೀಟರ್"
ಒಳಗಿನ ಒಂದು ಕೋಟ್ ಎರಡಾಗಬೇಕು. ನಾನು ಮೊದಲು ಪೈಥಾನ್‌ನಲ್ಲಿ ಕೈಯಾರೆ ಕಾಮಾ ಸೇರಿಸಿ ಸಾಲು ಕಟ್ಟುತ್ತಿದ್ದೆ, ದಿನಾ ಒಂದು ತಕರಾರು. ಪೈಥಾನ್ ಜೊತೆಗೇ ಬರುವ ಸಿಎಸ್‌ವಿ ಮಾಡ್ಯೂಲ್‌ನ ‘ರೈಟರ್’ಗೆ ಕೊಟ್ಟ ಮೇಲೆ ನಿಂತಿತು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದವರಿಗೆ ಇನ್ನೂ ಸುಲಭ, ‘ಕಾಪಿ’ ಕಮಾಂಡ್‌ಗೆ ‘ಫಾರ್ಮ್ಯಾಟ್ ಸಿಎಸ್‌ವಿ’ ಅಂದರೆ ಸಾಕು.

ಜಮಖಂಡಿಯಿಂದ:
ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಮತ್ತೆ ಸೇವ್ ಮಾಡಬೇಡಿ. ಮನೆ ನಂಬರ್ 12/3 ಅಂತ ಬೇರೆ ಕಾಲಂ ಇದ್ದರೆ ಅದನ್ನು ತಾರೀಖು ಮಾಡಿಬಿಡುತ್ತದೆ, ಕೋಟ್ ಇದ್ದರೂ ಬಿಡುವುದಿಲ್ಲ. ಕನ್ನಡ ಅಕ್ಷರ ಕಲಸಿ ಕಂಡರೆ ಫೈಲನ್ನು ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ, ಅದನ್ನು ತಿಳಿಸಲು ಫೈಲಿನ ಮೊದಲಲ್ಲಿ ಬರುವ ‘ಬಾಮ್’ ಗುರುತಿನ ಸಮೇತ ಬರೆಯಿರಿ.

ಬಾಗಲಕೋಟೆಯಿಂದ ಮತ್ತೆ:
ತುಂಬಾ ಉಪಕಾರ ಆಯಿತು. ಜಾಸ್ತಿ ಕಾಮಾ ಇರುವ ಹತ್ತು ವಿಳಾಸ ಆರಿಸಿ ಮೊದಲು ಅಷ್ಟನ್ನೇ ಫೈಲ್‌ಗೆ ಬರೆಸಿ ನೋಡಿದೆ. ಮೂರು ಕಡೆ ಆ ‘ಎನ್’ ಬಿತ್ತು, ಲ್ಯಾಂಡ್‌ಮಾರ್ಕ್ ಕಾಲಂ ನಲ್ ಇತ್ತು. ‘ಇಫ್‌ನಲ್’ ಹಾಕಿದೆ, ಹೋಯಿತು. ಬಸವಣ್ಣನ ಗುಡಿ ಈಗ ವಿಳಾಸದಲ್ಲೇ ಇದೆ. ಇವತ್ತು ಪೂರ್ತಿ ಪಟ್ಟಿ ಕಳಿಸುತ್ತೇನೆ.