ನಾಯಂಡಹಳ್ಳಿ ದಾಟದ ಗಾಳಿ

"ಇನ್ನೊಂದು ಸ್ವಲ್ಪ ಹೊತ್ತು ಕೂತಿರಿ, ತಣ್ಣಗಾಗುತ್ತೆ" ಅಂದ ಕಿಟ್ಟಿ.

"ಏನು ತಣ್ಣಗಾಗೋದು, ಗಾಡಿನೋ ನಾವೋ?" ಅಂದರು ಶಾಮಣ್ಣ.

ಏಪ್ರಿಲ್ ತಿಂಗಳ ಮಧ್ಯಾಹ್ನ. ಬನಶಂಕರಿ ಎರಡನೇ ಹಂತದಲ್ಲಿ ಕಿಟ್ಟಿಯ ಮನೆ ಮುಂದೆ, ಹೊಂಗೆ ಮರದ ಕೆಳಗೆ, ಕಿಟ್ಟಿಯ ಕ್ಯಾರವಾನ್ ನಿಂತಿತ್ತು. ಹಿಂದಿನ ಜನ್ಮದಲ್ಲಿ ಅದು ಮದುವೆ ದಿಬ್ಬಣ, ಧರ್ಮಸ್ಥಳದ ಟ್ರಿಪ್ಪು ಅಂತ ಓಡಾಡಿಕೊಂಡಿದ್ದ ಟಿಟಿ, ಅಂದರೆ ಟೆಂಪೋ ಟ್ರಾವೆಲರ್. ಈಗ ಒಳಗೆ ಎರಡು ಮಂಚ, ಒಂದು ಸಿಂಕು, ಮಡಚುವ ಮೇಜು. ನೆತ್ತಿಯ ಮೇಲೆ ಬಿಳಿ ಎಸಿ. ಕಿಟಕಿ ಮುಚ್ಚಿ, ಪರದೆ ಎಳೆದು ಮೂವರೂ ಬೆವರುತ್ತಾ ಕೂತಿದ್ದರು. ಎಸಿ ಭರ್ಜರಿಯಾಗಿ ಸದ್ದು ಮಾಡುತ್ತಿತ್ತು. ಗಾಳಿ ಮಾತ್ರ ಬರುತ್ತಿರಲಿಲ್ಲ.

"ಅಲ್ಲ ಕಿಟ್ಟಿ, ಪ್ರಕೃತಿಗೆ ಹತ್ತಿರ ಆಗ್ಬೇಕು ಅಂತ ತಾನೇ ಇದನ್ನ ಮಾಡಿಸಿದ್ದು? ಎಲ್ಲ ಮುಚ್ಚಿಕೊಂಡು ಕೂತರೆ ಹತ್ತಿರ ಆಗೋದು ಹೇಗೆ? ಪ್ರಕೃತಿ ಬಂದು ಬಾಗಿಲು ತಟ್ಟಬೇಕಾ?"

"ಶಾಮಣ್ಣ, ನಿಮಗೆ ಗೊತ್ತಾಗಲ್ಲ. ಅರಿಜೋನಾದಲ್ಲಿ ನಿವೃತ್ತರಾದವರು ತಿಂಗಳುಗಟ್ಟಲೆ ಇದರಲ್ಲೇ ಇರ್ತಾರೆ. ಆರ್‌ವಿ ಅಂತಾರೆ. ಮಗಳ ಮನೆಗೆ ಹೋದಾಗ ಕಣ್ಣಾರೆ ನೋಡಿದ್ದೀನಿ."

"ಅರಿಜೋನಾದ ಮಾತು ಬೇರೆ. ಅಲ್ಲಿನ ಫೀನಿಕ್ಸ್‌ನಲ್ಲಿ 2023ರ ಬೇಸಿಗೇಲಿ 31 ದಿನ ಬಿಡುವಿಲ್ಲದೆ 43 ಡಿಗ್ರಿ ಮುಟ್ಟಿತ್ತು. ಎಸಿ ಇಲ್ಲದಿದ್ದರೆ ಅವರು ಉಳಿಯಲ್ಲ. ನಮ್ಮೂರಿನ ದಾಖಲೆ 39.2, ಅದೂ 2016ರ ಏಪ್ರಿಲ್‌ದು. ಅವತ್ತು ನಾವು ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಕೊಂಡಿದ್ದೇ ಹೇಳಿಕೊಂಡಿದ್ದು. ಅವರಿಗಿರೋ ಸೆಕೆ ನಮಗಿಲ್ಲ, ಅವರ ಎಸಿ ಮಾತ್ರ ಬೇಕು."

ಗುಂಡು ಫೋನಿನಿಂದ ತಲೆಯೆತ್ತಿದ. ಅವನ ಪ್ರಕಾರ ಲೋಕದಲ್ಲಿ ವಿಡಿಯೋ ನೋಡಿ ರಿಪೇರಿ ಮಾಡಲಾಗದ ವಸ್ತು ಇಲ್ಲ. "ಇದು 13,500 ಬಿಟಿಯು. ಅಂದ್ರೆ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ. ಇಷ್ಟು ಜಾಗಕ್ಕೆ ಧಾರಾಳ ಆಯ್ತು."

"ಯಾವ ಟನ್ನೋ? ಇದನ್ನ ಮೇಲೆ ಹತ್ತಿಸುವಾಗ ನಾನೂ ಕೈ ಕೊಟ್ಟಿದ್ದೆ. ಅಷ್ಟೇನೂ ಭಾರ ಇರಲಿಲ್ಲ."

"ತೂಕ ಅಲ್ಲ ಶಾಮಣ್ಣ. ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತೋ ಅದು ಒಂದು ಟನ್ ಎಸಿ. ಹಳೇ ಕಾಲದ ಐಸ್ ವ್ಯಾಪಾರದ ಲೆಕ್ಕ."

"ಹಂಗಾದ್ರೆ ಐಸ್‌ಕ್ಯಾಂಡಿ ಗಾಡಿಯವನನ್ನೇ ಒಳಗೆ ಕೂರಿಸಬಹುದಿತ್ತು. ಗಂಟೆ ಬೇರೆ ಹೊಡೀತಿದ್ದ."

ಕಿಟ್ಟಿ ರಿಮೋಟ್ ಒತ್ತಿ ಒತ್ತಿ 16ಕ್ಕೆ ಇಳಿಸಿದ. ಶಾಮಣ್ಣ ನಕ್ಕರು. ನಲವತ್ತು ವರ್ಷ ವಿದ್ಯುತ್ ಇಲಾಖೆಯಲ್ಲಿ ದುಡಿದವರು, ಈ ವಿಷಯದಲ್ಲಿ ಸುಮ್ಮನಿರಲಾರರು. "16 ಅಂತ ಇಟ್ಟರೆ ಬೇಗ ತಣ್ಣಗಾಗಲ್ಲಪ್ಪ. 24 ಇಟ್ಟರೂ ಅದೇ ವೇಗ. 16ಕ್ಕೆ ಮುಟ್ಟೋ ತನಕ ಜಾಸ್ತಿ ಹೊತ್ತು ಓಡುತ್ತೆ ಅಷ್ಟೆ. ಅದಿರಲಿ, ಇದು ಅಮೆರಿಕದ ಕರೆಂಟಿಗೆ ಮಾಡಿದ್ದಲ್ವಾ?"

"ಅದಕ್ಕೇ ಟ್ರಾನ್ಸ್‌ಫಾರ್ಮರ್ ಹಾಕಿಸಿದ್ದೀನಲ್ಲ! 230 ವೋಲ್ಟನ್ನ ಇಳಿಸಿ ಕೊಡುತ್ತೆ."

"ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತೆ, ಹರ್ಟ್ಸ್ ಮುಟ್ಟಲ್ಲ. ಹರ್ಟ್ಸ್ ಅಂದ್ರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಓಡುತ್ತೆ ಅನ್ನೋ ಲೆಕ್ಕ. ಅಲ್ಲಿ 60, ನಮ್ಮಲ್ಲಿ 50. ಇಂಥ ಮೋಟಾರಿನ ವೇಗ ಅದರ ಮೇಲೇ ನಿಂತಿರೋದು. ಫ್ಯಾನು ಇಲ್ಲಿ ನಿಧಾನ ತಿರುಗುತ್ತೆ, ಬಿಸೀನೂ ಜಾಸ್ತಿ ಆಗುತ್ತೆ. ಆರರಲ್ಲಿ ಒಂದು ಪಾಲು ಗಾಳೀನ ನೀನು ಮಗಳ ಮನೇಲೇ ಬಿಟ್ಟು ಬಂದಿದ್ದೀಯ."

ಕಿಟ್ಟಿಯ ಮುಖ ಸಪ್ಪಗಾಯಿತು. ಉಳಿದ ಐದು ಪಾಲು ಎಲ್ಲಿ ಅನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ.

ಹೊರಗಿನಿಂದ ಸರೋಜಮ್ಮನ ದನಿ ಬಂತು. "ರೀ, ಅದನ್ನ ಆಫ್ ಮಾಡಿ. ಗ್ರೈಂಡರ್ ಹಾಕ್ಬೇಕು, ನಾಳೆ ಇಡ್ಲಿಗೆ."

ಇದನ್ನು ಸ್ವಲ್ಪ ವಿವರಿಸಬೇಕು. ಎಸಿಗೆ ಕರೆಂಟು ಬರುತ್ತಿದ್ದುದು ಅಡುಗೆಮನೆಯ 16 ಆಂಪ್ಸ್ ಪ್ಲಗ್‌ನಿಂದ. ಅಲ್ಲಿಂದ ಹಳದಿ ವೈರು ಕಿಟಕಿ ಕಂಬಿಯ ಸಂದಿಯಲ್ಲಿ ನುಸುಳಿ, ತುಳಸಿ ಕಟ್ಟೆಗೆ ಪ್ರದಕ್ಷಿಣೆ ಹಾಕಿ, ಗೇಟಿನ ಕೆಳಗಿಂದ ಕ್ಯಾರವಾನಿಗೆ ಬರುತ್ತಿತ್ತು. ಹೀಗಾಗಿ ಕಿಟ್ಟಿಯ ವಿಶ್ವಪರ್ಯಟನೆಯೂ ಸರೋಜಮ್ಮನ ಇಡ್ಲಿಯೂ ಒಂದೇ ಪ್ಲಗ್ಗಿಗೆ ಕಾಯಬೇಕಿತ್ತು.

"ಒಂದರ್ಧ ಗಂಟೆ ಕಣೇ!"

"ಅತ್ತಿಗೆ, ನಾಲ್ಕು ಊದುಬತ್ತಿ ಕೊಡ್ತೀರಾ?" ಅಂತ ಕೂಗಿದ ಗುಂಡು. ಯಾವುದೋ ವಿಡಿಯೋದಲ್ಲಿ ಹೊಗೆ ಬಿಟ್ಟು ಪರೀಕ್ಷೆ ಮಾಡುವುದನ್ನು ನೋಡಿದ್ದ.

"ಪೂಜೆ ಮಾಡೋಕೆ ಹೊರಟಿರಾ? ಅದೂ ಆಗಲಿ. ಹೋಮ ಒಂದು ಬಾಕಿ" ಅನ್ನುತ್ತಾ ಸರೋಜಮ್ಮ ಪ್ಯಾಕೆಟ್ಟನ್ನೇ ತಂದುಕೊಟ್ಟರು.

ಅಷ್ಟರಲ್ಲಿ ಮೆಕ್ಯಾನಿಕ್ ಮಂಜ ಬಂದ. ಬಂದವನೇ ಒಳಗೆ ಕಾಲಿಡದೆ ಮೇಲೆ ಹತ್ತಿದ. "ಸಾರ್, ಇಲ್ಲಿ ಹೊಂಗೆ ಮರವೇ ಮಲಗಿದೆ" ಅಂದ. ನಿಜ. ಎಸಿಯ ಹಿಂಭಾಗದ ಕಾಯಿಲ್, ಒಳಗಿನ ಬಿಸಿಯನ್ನು ಹೊರಗೆ ಚೆಲ್ಲಬೇಕಾದ ಭಾಗ, ಹೊಂಗೆ ಹೂವಿನಿಂದ ಗಿಡಿದುಹೋಗಿತ್ತು. ತೆಳು ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಒಣಗಿದ ಎಸಳು, ಅದರ ಮೇಲೆ ಧೂಳು, ಅದರ ಮೇಲೆ ಯಾವುದೋ ಹಕ್ಕಿ ತಂದಿಟ್ಟ ಎರಡು ಕಡ್ಡಿ. ಹಕ್ಕಿಗೆ ಗೊತ್ತಿತ್ತು, ಈ ಗಾಡಿ ಸದ್ಯಕ್ಕೆ ಎಲ್ಲಿಗೂ ಹೋಗಲ್ಲ ಅಂತ. ಮಂಜ ಹಳೇ ಪೇಂಟ್ ಬ್ರಶ್ಶಿನಲ್ಲಿ ಮೇಲಿಂದ ಕೆಳಕ್ಕೆ ಮೆಲ್ಲಗೆ ಗುಡಿಸಿದ. ಅಡ್ಡ ಉಜ್ಜಿದರೆ ರೆಕ್ಕೆ ಮಡಚಿಕೊಂಡು ಗಾಳಿ ಇನ್ನೂ ಕಟ್ಟುತ್ತಂತೆ.

ಆಮೇಲೆ ಒಳಗೆ ಬಂದು ಸೀಲಿಂಗಿನ ಪ್ಲಾಸ್ಟಿಕ್ ಮುಚ್ಚಳದ ತಿರುಪು ಬಿಚ್ಚಿದ. ಮೊದಲು ಫಿಲ್ಟರ್ ಬಂತು. ಹಿಡಿದು ಬೆಳಕಿಗೆ ನೋಡಿದರೆ ಬೆಳಕೇ ಕಾಣಲಿಲ್ಲ. ಸರೋಜಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದು ನಲ್ಲಿಗೆ ಕೊಂಡೊಯ್ದರು.

ಮುಚ್ಚಳದ ಹಿಂದೆ ಚೌಕದ ಗೂಡು ಇತ್ತು, ಹದಿನಾಲ್ಕು ಇಂಚಿಗೆ ಹದಿನಾಲ್ಕು ಇಂಚು. ಗೂಡಿನ ಒಂದು ಕಡೆ ಗಾಡಿಯ ಬಿಸಿ ಗಾಳಿ ಮೇಲೆ ಹೋಗಬೇಕು. ಇನ್ನೊಂದು ಕಡೆ ತಣ್ಣನೆ ಗಾಳಿ ಕೆಳಗೆ ಬಂದು, ತಿರುಗಿ, ಸೀಲಿಂಗಿನೊಳಗಿನ ಡಕ್ಟ್ ಹಿಡಿದು ಹಿಂದಕ್ಕೂ ಮುಂದಕ್ಕೂ ಹರಿಯಬೇಕು. ಎರಡರ ಮಧ್ಯೆ ಒಂದು ತಡಿಕೆ. ಗುಂಡು ಊದುಬತ್ತಿ ಹಚ್ಚಿ ತಡಿಕೆಯ ಅಂಚಿಗೆ ಹಿಡಿದ. ಹೊಗೆ ಕ್ಷಣಹೊತ್ತು ಅಲ್ಲೇ ಸುಳಿದಾಡಿ, ಸರ್ರನೆ ಸಂದಿಯೊಳಗೆ ನುಗ್ಗಿ ಮಾಯವಾಯಿತು. ಮಂಜ ಬೆರಳು ಹಾಕಿದ. ಬೆರಳು ಪೂರ್ತಿ ಹೋಯಿತು.

"ನೋಡಿ ಸಾರ್. ತಣ್ಣನೆ ಗಾಳಿ ಡಕ್ಟ್‌ಗೆ ಹೋಗ್ತಾನೇ ಇಲ್ಲ. ಇಲ್ಲೇ ಸಂದೀಲಿ ನುಗ್ಗಿ ವಾಪಸ್ ಮೇಲೆ ಹೋಗ್ತಾ ಇದೆ."

"ಹೊರಟ ಗಾಳಿ ಹೊರಟಲ್ಲಿಗೇ ವಾಪಸ್ಸಾ?" ಅಂದರು ಶಾಮಣ್ಣ. ಅವರ ಕಣ್ಣು ಮಿನುಗಿತು. "ಕಿಟ್ಟಿ, ಇದು ಥೇಟು ನಿನ್ನ ಕೊಡಗಿನ ಪ್ರವಾಸ!"

ಸಂಗತಿ ಏನೆಂದರೆ, ಯುಗಾದಿ ರಜೆಗೆ ಕಿಟ್ಟಿ ಸಂಸಾರ ಸಮೇತ ಮಡಿಕೇರಿಗೆ ಹೊರಟಿದ್ದ. ರಿಂಗ್ ರೋಡ್ ಹಿಡಿದು ನಾಯಂಡಹಳ್ಳಿಗೆ ಬಂದು, ಅಲ್ಲಿ ಮೈಸೂರು ರಸ್ತೆಗೆ ತಿರುಗಲು ಆಗದೆ, ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನವನ್ನು ಜಂಕ್ಷನ್ನಿನಲ್ಲೇ ತಿಂದು ಮನೆಗೆ ಬಂದಿದ್ದ. ಸರೋಜಮ್ಮ ಅದನ್ನು ಇವತ್ತಿಗೂ 'ನಮ್ಮ ನಾಯಂಡಹಳ್ಳಿ ಟೂರು' ಅನ್ನುತ್ತಾರೆ.

"ಪಾಪ, ಗಾಳಿದೇನು ತಪ್ಪು? ಯಜಮಾನನ್ನ ನೋಡಿ ಕಲಿತಿದೆ."

"ತಮಾಷೆ ಸಾಕು ಶಾಮಣ್ಣ. ಈಗೇನು ಮಾಡೋದು?"

"ಇಲ್ಲಿ ಟೇಪ್ ಹೊಡೆದು ಸೀಲ್ ಮಾಡ್ಬೇಕು. ಇಲ್ಲಾಂದ್ರೆ ತಣ್ಣಗಿರೋ ಗಾಳೀನೇ ಮತ್ತೆ ಮತ್ತೆ ತಣ್ಣಗಾಗಿ, ಗಾಳಿ ತಣ್ಣಗೆ ಮಾಡೋ ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟುತ್ತೆ. ಐಸ್ ಕಟ್ಟಿದ್ರೆ ಗಾಳಿ ಇನ್ನೂ ಬಂದ್" ಅಂದ ಮಂಜ.

ಗುಂಡು ಚೀಲದಿಂದ ಬೆಳ್ಳಿ ಬಣ್ಣದ ಬಟ್ಟೆ ಟೇಪು ತೆಗೆದ. ಮಂಜ ತಲೆ ಅಲ್ಲಾಡಿಸಿದ. "ಇದರ ಗೋಂದು ಬೇಸಿಗೇಲಿ ಬಿಟ್ಟು ಜೋತಾಡುತ್ತೆ ಅಣ್ಣ. ಅಲ್ಯೂಮಿನಿಯಂ ಟೇಪೇ ಬೇಕು. ತಂದುಬಿಡ್ತೀನಿ" ಅಂತ ಬೈಕು ಹತ್ತಿ ಹೋದ.

ಎಸಿ ಆಫ್ ಆಯಿತು. ಅಡುಗೆಮನೆಯಲ್ಲಿ ಗ್ರೈಂಡರ್ ಶುರುವಾಯಿತು. ಊದುಬತ್ತಿ ಹೊಗೆ ತಡೆಯಲಾರದೆ ಕಿಟ್ಟಿ ಎರಡೂ ಬದಿಯ ಕಿಟಕಿ ಸರಿಸಿದ.

ಗಾಳಿ ಬಂತು. ಹೊಂಗೆ ಹೂವಿನ ವಾಸನೆ ಹೊತ್ತುಕೊಂಡು ಒಂದು ಕಡೆಯಿಂದ ಬಂದು, ಪರದೆ ಹಾರಿಸಿ, ಇನ್ನೊಂದು ಕಡೆಯಿಂದ ಹೋಯಿತು. ಮೂವರ ಬೆವರೂ ಆರಿತು. ಆದರೆ ಯಾರೂ ಅದರ ಮಾತೆತ್ತಲಿಲ್ಲ. ಕಿಟ್ಟಿಯ ಖರ್ಚಿನ ಮುಂದೆ ಹಾಗೆಲ್ಲ ಮಾತಾಡುವುದು ಸರಿಯಲ್ಲ, ಅಲ್ವಾ?

ಕಡೆಗೆ ಶಾಮಣ್ಣನೇ ಶುರು ಮಾಡಿದರು. "ಚಾಮರಾಜಪೇಟೆಯ ನಮ್ಮ ಹಳೇ ಮನೇಲಿ ಫ್ಯಾನೇ ಇರಲಿಲ್ಲ ಕಣ್ರೋ. ಫ್ಯಾನ್ ಅಂದ್ರೆ ಮದುವೆ ಛತ್ರದಲ್ಲಿರೋ ವಸ್ತು. ಗೋಡೆ ಮೇಲ್ಗಡೆ ವೆಂಟಿಲೇಟರು, ಅದಕ್ಕೊಂದು ಹಗ್ಗ. ಸಾಯಂಕಾಲ ಆ ಹಗ್ಗ ಯಾರು ಎಳೀಬೇಕು ಅಂತ ನಮ್ಮನಮ್ಮಲ್ಲೇ ಕಿತ್ತಾಟ. ಮದ್ರಾಸಿಂದ ನಮ್ಮ ಚಿಕ್ಕಪ್ಪ ಬೇಸಿಗೆ ರಜಕ್ಕೆ ಬಂದರೆ ಏಪ್ರಿಲ್ ತಿಂಗಳಲ್ಲಿ ಶಾಲು ಕೇಳೋರು. ನಾವು ಅದನ್ನ ಹೇಳಿಕೊಂಡು ನಗೋದು."

"ಆಗ ಊರೇ ತಂಪಿತ್ತು ಬಿಡಿ."

"ಊರೂ ತಂಪಿತ್ತು, ಮೇಸ್ತ್ರಿಗೂ ಬುದ್ಧಿಯಿತ್ತು. ತಣ್ಣನೆ ಗಾಳಿಗೆ ಕೆಳಗೆ ಕಿಟಕಿ, ಬಿಸಿ ಗಾಳಿಗೆ ಮೇಲೆ ವೆಂಟಿಲೇಟರು. ಬರೋ ದಾರಿ ಬೇರೆ, ಹೋಗೋ ದಾರಿ ಬೇರೆ. ಈಗ ಮಂಜ ಟೇಪ್ ಹೊಡೆದು ಮಾಡೋದೂ ಅದೇ. ಈಗಿನ ಮನೇಲಿ ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆಗೆ ಬಡಿಯುತ್ತೆ. ಮಗ ಸೊಳ್ಳೆ ಅಂತಾನೆ, ಸೊಸೆ ಧೂಳು ಅಂತಾಳೆ, ಇಬ್ಬರೂ ಹೇಳೋದು ಸುಳ್ಳಲ್ಲ. ನಮ್ಮನೇಲಿ ಕಿಟಕಿ ತೆಗೆದು ಎಷ್ಟು ಕಾಲ ಆಯ್ತೋ. ಮೊನ್ನೆ ಮಳೆ ಬಂದಿದ್ದು ನನಗೆ ಗೊತ್ತಾಗಿದ್ದು ಪೇಪರ್ ನೋಡಿ."

ಕಿಟ್ಟಿ ಸುಮ್ಮನೆ ಪರದೆ ನೋಡುತ್ತಿದ್ದ. ಗುಂಡುವೂ ಫೋನು ಕೆಳಗಿಟ್ಟಿದ್ದ. ಹೀಗೇ ಇನ್ನೊಂದು ಗಳಿಗೆ ಇದ್ದಿದ್ದರೆ ಮೂವರೂ ಅತ್ತುಬಿಡುತ್ತಿದ್ದರೇನೋ. ಪುಣ್ಯಕ್ಕೆ ಮಂಜ ಬಂದ.

ಮುಂದಿನದೆಲ್ಲ ಬೇಗ ನಡೆಯಿತು. ಮಂಜ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತಡಿಕೆಯ ಸುತ್ತ ಟೇಪು ಒತ್ತಿ ಒತ್ತಿ ಅಂಟಿಸಿದ. ಗಾಳಿ ಕೆಳಗೆ ಬಡಿದು ಚೆಲ್ಲಾಪಿಲ್ಲಿ ಆಗದಿರಲಿ ಅಂತ ಗಟ್ಟಿ ಫೋಮ್ ತುಂಡನ್ನು ಓರೆಯಾಗಿ ಕತ್ತರಿಸಿ ತಿರುವಿನಲ್ಲಿ ಕೂರಿಸಿದ. ಡಕ್ಟ್‌ಗೂ ಸೀಲಿಂಗಿಗೂ ನಡುವೆ ಪ್ರತಿ ಜಾಲರಿಯ ಹತ್ತಿರ ಬಿರುಕಿತ್ತು, ಅಲ್ಲಿಂದ ಗಾಳಿ ಸೀಲಿಂಗಿನ ಹೊಟ್ಟೆಗೆ ಸೋರುತ್ತಿತ್ತು. ಅದಕ್ಕೂ ಟೇಪು. ಕೊನೆಯ ಜಾಲರಿಯಿಂದಾಚೆ ಡಕ್ಟ್ ಸುಮ್ಮನೆ ಹಿಂದಿನ ತನಕ ಹೋಗಿತ್ತು, ಅದನ್ನು ಮುಚ್ಚಿದ.

"ಅಣ್ಣ, ಇಲ್ಲೂ ಒಂದು ನಾಯಂಡಹಳ್ಳಿ ಇದೆ, ಟಾರ್ಚ್ ಬಿಡಿ" ಅನ್ನುತ್ತಿದ್ದ. ಎಷ್ಟಾದರೂ ಚುರುಕು ಹುಡುಗ.

ಗ್ರೈಂಡರ್ ನಿಂತ ಮೇಲೆ ಎಸಿ ಹಾಕಿದರು. ಜಾಲರಿಯಿಂದ ಬುಸ್ ಅಂತ ಬಂದ ಗಾಳಿಗೆ ಶಾಮಣ್ಣನ ಹಣೆಯ ಕೂದಲು ಎದ್ದು ನಿಂತಿತು. ಗುಂಡು ಥರ್ಮಾಮೀಟರ್ ಹಿಡಿದ. ಮೇಲೆ ಹೋಗುವ ಗಾಳಿಗಿಂತ ಕೆಳಗೆ ಬರುವ ಗಾಳಿ ಹತ್ತು ಡಿಗ್ರಿ ತಣ್ಣಗಿತ್ತು. "ಸರಿಯಾಗಿದೆ! ಒಂಬತ್ತರಿಂದ ಹನ್ನೆರಡು ಬಂದರೆ ಸಾಕು!" ಅಂತ ಕುಣಿದ. ಕಿಟ್ಟಿ ಸಂಭ್ರಮದಲ್ಲಿ ಕಿಟಕಿಗಳನ್ನೆಲ್ಲ ಮತ್ತೆ ಮುಚ್ಚಿದ.

"ಈಗ ಹೊರಡೋಣ! ಭಾನುವಾರ ಬೆಳಗ್ಗೆ ನಾಲ್ಕಕ್ಕೇ ಬಿಟ್ಟುಬಿಡೋಣ. ಎಲ್ಲಾದರೂ ತಂಪಾಗಿರೋ ಕಡೆ. ನಂದಿ ಬೆಟ್ಟ?"

"ನಂದಿ ಬೆಟ್ಟ 1,478 ಮೀಟರ್ ಎತ್ತರ. ಬೆಳಗಿನ ಜಾವ ಅಲ್ಲಿ ಹಲ್ಲು ಕಟಕಟ ಅನ್ನುತ್ತೆ. ಅಲ್ಲಿ ಎಸಿ ಹಾಕ್ತೀಯಾ?" ಅಂದರು ಶಾಮಣ್ಣ.

"ಮತ್ತೆ? ಇಷ್ಟು ಖರ್ಚು ಮಾಡಿ ಆಫ್ ಮಾಡಿಟ್ಟುಕೊಳ್ಳಲಾ? ಹಾಕೇ ಹಾಕ್ತೀನಿ."

ಸರೋಜಮ್ಮ ಬಾಗಿಲಲ್ಲಿ ನಿಂತು ಹಿಟ್ಟಿನ ಕೈ ಒರೆಸಿಕೊಳ್ಳುತ್ತಿದ್ದರು. "ನಾನು ಸ್ವೆಟರ್ ತೆಗೆದಿಟ್ಕೋತೀನಿ. ಆದ್ರೆ ಒಂದು ಕೇಳ್ಬೇಕಿತ್ತು ರೀ. ಈ ಹಳದಿ ವೈರು ನಂದಿ ಬೆಟ್ಟದ ತನಕ ಬರುತ್ತಾ?"

ಒಳಗೆ ಎಲ್ಲರೂ ವೈರಿನ ಕಡೆ ತಿರುಗಿದರು. ಗುಂಡು ಫೋನು ಕೈಗೆತ್ತಿಕೊಂಡು ಜನರೇಟರ್ ಬಗ್ಗೆ ವಿಡಿಯೋ ಹುಡುಕತೊಡಗಿದ.

"ಗೇಟಿನ ತನಕ ಬರುತ್ತಮ್ಮ" ಅಂದರು ಶಾಮಣ್ಣ. "ನಾಯಂಡಹಳ್ಳಿ ತನಕ ಹೋಗೋದಾದ್ರೆ ಇನ್ನೊಂದು ಎಕ್ಸ್‌ಟೆನ್ಷನ್ ಬಾಕ್ಸ್ ಬೇಕು."