ಹದಿಹರೆಯದ ಕುಡಿತ, ಮಿದುಳಿನ ಉರಿಯೂತ, ಊಟ: ಬಲ್ಲವರು ತಿಳಿಸಿ

ಪ್ರಶ್ನೆ: ಅಕ್ಕನ ಮಗನಿಗೆ 17 ವರ್ಷ, ತೂಕ 50 ಕೆ.ಜಿ., ಎರಡನೇ ಪಿಯುಸಿ. ಶನಿವಾರ ಗೆಳೆಯರ ಜೊತೆ ಒಂದು ಬಾಟಲಿ ಸ್ಟ್ರಾಂಗ್ ಬಿಯರ್ ಕುಡಿಯುತ್ತಾನಂತೆ. ಬೆಳಿಗ್ಗೆ ತಿಂಡಿ ತಿನ್ನಲ್ಲ. ಸಂಜೆ ಪಫ್ಸ್, ಗೋಬಿ ಮಂಚೂರಿ. ಭಾವ "ವಾರಕ್ಕೊಂದೇ ತಾನೆ" ಅಂತಾರೆ. ಈ ವಯಸ್ಸಲ್ಲಿ ಕುಡಿದರೆ ಮಿದುಳಿಗೆ ಉರಿಯೂತ ಬರುತ್ತೆ, ಮುಂದೆ ಚಟ ಆಗುತ್ತೆ ಅಂತ ಓದಿದೆ. ಎಷ್ಟು ನಿಜ? ಊಟ ಸರಿಮಾಡಿದರೆ ಸಾಕಾ?

ಉತ್ತರ 1: ಭಾವನವರಿಗೆ ಮೊದಲು ಲೆಕ್ಕ ತೋರಿಸಿ. 650 ಮಿ.ಲೀ. ಬಾಟಲಿ, ಶೇ 8 ಅಂದರೆ 52 ಮಿ.ಲೀ. ಆಲ್ಕೋಹಾಲ್, ತೂಕದಲ್ಲಿ ಸುಮಾರು 41 ಗ್ರಾಂ. 30 ಮಿ.ಲೀ. ವಿಸ್ಕಿಯಲ್ಲಿ ಇರುವುದು 10 ಗ್ರಾಂ. ಹಾಗಾಗಿ ಆ "ಒಂದು" ನಾಲ್ಕು ಸಣ್ಣ ಪೆಗ್‌ಗೆ ಸಮ. 50 ಕೆ.ಜಿ. ಹುಡುಗ ಅದನ್ನು ಎರಡು ಗಂಟೆಯಲ್ಲಿ ಮುಗಿಸಿದರೆ ರಕ್ತದಲ್ಲಿ 100 ಮಿ.ಲೀ.ಗೆ ಅಂದಾಜು 90 ಮಿ.ಗ್ರಾಂ. ಮುಟ್ಟುತ್ತದೆ. 80 ದಾಟಿದರೆ ವೈದ್ಯರು ಅದನ್ನು ಬಿಂಜ್, ಅಂದರೆ ಒಂದೇ ಸಲಕ್ಕೆ ಮಿತಿಮೀರಿದ ಕುಡಿತ, ಅನ್ನುತ್ತಾರೆ. ಗಾಡಿ ಓಡಿಸಲು ಕಾನೂನಿನ ಮಿತಿ 30. ಹುಡುಗಿಯರಿಗೆ ಇದಕ್ಕಿಂತ ಕಡಿಮೆ ಸಾಕು. 90 ಮಿ.ಲೀ. ವಿಸ್ಕಿಯ ಟೆಟ್ರಾ ಪ್ಯಾಕ್‌ನಲ್ಲೂ 30 ಗ್ರಾಂ ಇರುತ್ತದೆ, ಅದನ್ನು ಸಣ್ಣದು ಅಂದುಕೊಳ್ಳಬೇಡಿ.

ಉತ್ತರ 2: ಉರಿಯೂತದ ವಿಷಯ ನಿಜ, ಆದರೆ ಪುರಾವೆ ಬಹುಪಾಲು ಪ್ರಾಣಿಗಳದ್ದು ಎಂಬುದನ್ನು ಮರೆಯಬಾರದು. ಅಮೆರಿಕದ ಚಾಪೆಲ್ ಹಿಲ್‌ನಲ್ಲಿ ಫುಲ್ಟನ್ ಕ್ರೂಸ್ ಅವರ ತಂಡ ಇಲಿಗಳಿಗೆ ಹುಟ್ಟಿದ 25ನೇ ದಿನದಿಂದ 55ನೇ ದಿನದವರೆಗೆ ಎರಡು ದಿನ ಮದ್ಯ ಕೊಟ್ಟು, ಎರಡು ದಿನ ಬಿಟ್ಟು ನೋಡಿತು. ವಾರಾಂತ್ಯದ ಕುಡಿತವನ್ನೇ ಹೋಲುವ ಕ್ರಮ ಅದು. ಇಲಿ ಬೆಳೆದು ದೊಡ್ಡದಾದ ಮೇಲೂ ಮಿದುಳಿನ ಮುಂಭಾಗದಲ್ಲಿ ಉರಿಯೂತದ ಸಂಕೇತಗಳು ಉಳಿದಿದ್ದವು. ನೆನಪಿನ ಭಾಗದಲ್ಲಿ ಹೊಸ ನರಕೋಶ ಹುಟ್ಟುವುದು ಕಡಿಮೆಯಾಗಿತ್ತು. ಮದ್ಯ ಮಿದುಳಿನ ರಕ್ಷಣಾ ಕೋಶಗಳನ್ನು, ಅಂದರೆ ಮೈಕ್ರೋಗ್ಲಿಯಾವನ್ನು, ಟಿಎಲ್‌ಆರ್4 ಎಂಬ ಗ್ರಾಹಕದ (ಕೋಶದ ಮೇಲೆ ಅಪಾಯದ ಸಂಕೇತ ಹಿಡಿಯುವ ಪ್ರೋಟೀನ್) ಮೂಲಕ ಕೆರಳಿಸುತ್ತದೆ. ಒಮ್ಮೆ ಕೆರಳಿದ ಕೋಶ ಮುಂದಿನ ಸಲ ಸ್ವಲ್ಪಕ್ಕೇ ಜೋರಾಗಿ ಪ್ರತಿಕ್ರಿಯಿಸುತ್ತದೆ. ಸ್ಪೇನ್‌ನ ವೆಲೆನ್ಸಿಯಾದಲ್ಲಿ ಕೊನ್ಸುವೆಲೊ ಗೆರ್ರಿ ಅವರ ತಂಡ ಈ ಗ್ರಾಹಕವೇ ಇಲ್ಲದ ಇಲಿಮರಿಗಳಲ್ಲಿ ಆ ಹಾನಿ ಬಹುಮಟ್ಟಿಗೆ ಕಾಣದ್ದನ್ನು ತೋರಿಸಿತು.

ಮುಂದೆ ಚಟ? 14 ಅಥವಾ ಅದಕ್ಕಿಂತ ಮೊದಲು ಕುಡಿಯಲು ಶುರುಮಾಡಿದವರಲ್ಲಿ ಸುಮಾರು ಶೇ 40, 20ರ ನಂತರ ಶುರುಮಾಡಿದವರಲ್ಲಿ ಸುಮಾರು ಶೇ 10 ಮಂದಿ ಜೀವನದಲ್ಲಿ ಎಂದಾದರೂ ಅವಲಂಬಿತರಾಗಿದ್ದರು ಎಂದು 1997ರಲ್ಲಿ ಪ್ರಕಟವಾದ ಅಮೆರಿಕದ ವಿಶ್ಲೇಷಣೆ ಹೇಳುತ್ತದೆ. ಇದೆಲ್ಲ ಉರಿಯೂತದಿಂದಲೇ ಅಲ್ಲ. ವಂಶ, ಮನೆ, ಗೆಳೆಯರು ಎಲ್ಲವೂ ಸೇರಿರುತ್ತದೆ. ಇನ್ನೊಂದು ಮಾತು: ಹರೆಯದವರಿಗೆ ತೂಕಡಿಕೆ, ತೂರಾಟ ಕಡಿಮೆ, ಆದರೆ ನೆನಪಿಗೆ ಬೀಳುವ ಪೆಟ್ಟು ಹೆಚ್ಚು. "ಅವನು ತಡಕೊಳ್ತಾನೆ" ಎನ್ನುವುದು ಸಮಾಧಾನಪಡುವ ವಿಷಯವಲ್ಲ.

ಉತ್ತರ 3 (ಆಹಾರದ ಬಗ್ಗೆ): ಊಟದಿಂದ ಕುಡಿತದ ಹಾನಿ ಅಳಿಸಿಹೋಗುವುದಿಲ್ಲ. ಊಟ ಮಾಡಿ ಕುಡಿದರೆ ಮದ್ಯ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಅಷ್ಟೇ. ಊಟಕ್ಕೆ ಸಂಬಂಧ ಇರುವುದು ಕರುಳಿನಲ್ಲಿ. ಮದ್ಯ ಕರುಳಿನ ಗೋಡೆಯನ್ನು ಸಡಿಲಿಸಿದಾಗ ಬ್ಯಾಕ್ಟೀರಿಯಾದ ಹೊರಪೊರೆಯ ವಿಷ ರಕ್ತಕ್ಕೆ ಸೇರಿ, ಮೇಲೆ ಹೇಳಿದ ಅದೇ ಟಿಎಲ್‌ಆರ್4 ಅನ್ನು ತಟ್ಟುತ್ತದೆ. ಕರಿದದ್ದು, ಮೈದಾ, ಸಕ್ಕರೆಯೇ ಹೆಚ್ಚಿದ್ದು ನಾರು ಇಲ್ಲದಿದ್ದರೆ ಆ ಗೋಡೆ ಇನ್ನೂ ಸೊರಗುತ್ತದೆ. ನಾರು ಕರುಳಲ್ಲಿ ಹುದುಗಿದಾಗ ಹುಟ್ಟುವ ಬ್ಯುಟಿರೇಟ್ ಗೋಡೆಯ ಕೋಶಗಳಿಗೆ ಆಹಾರ.

ಮಾಡಬೇಕಾದದ್ದು: ಬೆಳಗಿನ ತಿಂಡಿ ತಪ್ಪಿಸಬೇಡಿ. ದಿನಕ್ಕೊಂದು ಹೊತ್ತು ರಾಗಿಮುದ್ದೆ ಅಥವಾ ಜೋಳದ ರೊಟ್ಟಿ, ಜೊತೆಗೆ ಕಾಳಿನ ಸಾರು, ಸೊಪ್ಪಿನ ಪಲ್ಯ. ಮದ್ಯ ಥಯಾಮಿನ್ (ವಿಟಮಿನ್ ಬಿ1) ಹೀರಿಕೆಯನ್ನು ತಡೆಯುವುದರಿಂದ ಶೇಂಗಾ, ಮೊಳಕೆಕಾಳು, ಪಾಲಿಶ್ ಮಾಡದ ಧಾನ್ಯ ಮುಖ್ಯ. ಮೀನು ತಿನ್ನುವ ಮನೆಯಾದರೆ ವಾರಕ್ಕೆರಡು ಸಲ ಬಂಗುಡೆ ಅಥವಾ ಬೂತಾಯಿ, ಸಾರು ಮಾಡಿ, ಕರಿಯಬೇಡಿ. ಸಸ್ಯಾಹಾರಿಗಳು ದಿನಕ್ಕೆ ಒಂದು ದೊಡ್ಡ ಚಮಚ ಅಗಸೆಬೀಜ ಹುರಿದು ಪುಡಿಮಾಡಿ ಚಟ್ನಿಪುಡಿಗೆ ಬೆರೆಸಬಹುದು. ಇಡಿಯಾಗಿ ನುಂಗಿದರೆ ಬಹುಪಾಲು ಹಾಗೆಯೇ ಹೊರಹೋಗುತ್ತದೆ. ಅಗಸೆಯ ಒಮೆಗಾ-3 ಕೊಬ್ಬು ಮಿದುಳಿಗೆ ಬೇಕಾದ ಡಿಎಚ್‌ಎ ಆಗಿ ಬದಲಾಗುವುದು ಅತ್ಯಲ್ಪ. ಮೀನಿನಲ್ಲಿ ಅದು ನೇರವಾಗಿ ಸಿಗುವುದರಿಂದ ಅಗಸೆ ಮೀನಿಗೆ ಸಮವಲ್ಲ.

ಮರುಪ್ರಶ್ನೆ: ಅರಿಶಿನದ ಕ್ಯಾಪ್ಸೂಲ್ ಕೊಡಬಹುದಾ?

ಉತ್ತರ 3: ಬೇಡ. ಅಡುಗೆಯ ಅರಿಶಿನ ಸಾಕು. ಸಾಂದ್ರ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳಿವೆ. ಕುಡಿಯುವವನಿಗೆ ಆ ಅಪಾಯ ಯಾಕೆ? ಆ ಹಣದಲ್ಲಿ ಆಟದ ಬೂಟು ಕೊಡಿಸಿ. ಉತ್ತರ 2ರಲ್ಲಿ ಹೇಳಿದ ಇಲಿಗಳಿಗೆ ಓಡುವ ಚಕ್ರ ಕೊಟ್ಟಾಗ ನರಕೋಶದ ನಷ್ಟ ತಪ್ಪಿದ್ದು, ಆಗಿದ್ದೂ ಸರಿಹೋದದ್ದು ಕಂಡಿದೆ.

ಉತ್ತರ 4 (ಆಪ್ತಸಮಾಲೋಚನೆ): ಶನಿವಾರ ರಾತ್ರಿ ಮಾತು ತೆಗೆಯಬೇಡಿ, ಭಾನುವಾರ ಸಂಜೆ ಇಬ್ಬರೇ ಇದ್ದಾಗ ಕೂಡ್ರಿಸಿ ಕೇಳಿ. ಒಬ್ಬನೇ ಇದ್ದಾಗ ಕುಡಿದದ್ದುಂಟಾ? ಬೇಜಾರು ಕಳೆಯಲು ಕುಡಿಯುತ್ತಾನಾ? ಕುಡಿದಾಗ ಏನಾಯಿತೆಂಬುದು ಮರೆತುಹೋಗಿದೆಯಾ? ಕುಡಿದವರ ಗಾಡಿ ಹತ್ತಿದ್ದಾನಾ? ಮನೆಯವರೋ ಗೆಳೆಯರೋ ಕಡಿಮೆ ಮಾಡು ಅಂದಿದ್ದಾರಾ? ಕುಡಿದು ತೊಂದರೆಗೆ ಸಿಕ್ಕಿದ್ದಾನಾ? ಎರಡಕ್ಕೆ ಹೌದು ಅಂದರೂ ತಜ್ಞರ ಬಳಿ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. "ಮನೆಯಲ್ಲೇ ನಮ್ಮ ಮುಂದೆ ಸ್ವಲ್ಪ ಕುಡಿಯಲಿ" ಎಂಬ ಉಪಾಯ ಬೇಡ, ಅದು ಅನುಮತಿ ಕೊಟ್ಟ ಹಾಗೆ.

ಉತ್ತರ 5: ಅವನು ಕುಡಿದು ಎಚ್ಚರ ತಪ್ಪಿದರೆ ಮಗ್ಗುಲಿಗೆ ಮಲಗಿಸಿ. ಕಾಫಿ, ಮಜ್ಜಿಗೆ, ನಿಂಬೆರಸ ಯಾವುದನ್ನೂ ಬಾಯಿಗೆ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಕೂಗಿದರೂ ಏಳದಿದ್ದರೆ, ಉಸಿರಿನ ನಡುವೆ 10 ಸೆಕೆಂಡು ಅಂತರ ಬಂದರೆ, ಮೈ ತಣ್ಣಗಾದರೆ 108.

ಜೊತೆಗೆ, ಕುಡಿತ ಬಿಡಿಸುವ ಮಾತ್ರೆ, ಪುಡಿ ಅಂತ ಯಾರಾದರೂ ಕೊಟ್ಟಿದ್ದನ್ನು ಗುಟ್ಟಾಗಿ ಸಾಂಬಾರಿಗೆ ಬೆರೆಸಬೇಡಿ. ಅದರಲ್ಲಿ ಡೈಸಲ್ಫಿರಾಮ್ ಎಂಬ ಔಷಧ ಇದ್ದು ಅವನು ಕುಡಿದರೆ ವಾಂತಿ, ಎದೆಬಡಿತ ಶುರುವಾಗಿ ರಕ್ತದೊತ್ತಡ ಕುಸಿಯಬಹುದು, ಜೀವಕ್ಕೂ ಕುತ್ತು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರ ಆ ಅಪಾಯ ಉಳಿಯುತ್ತದೆ. ಈಗಾಗಲೇ ಬೆರೆಸಿದ್ದರೆ ಅವನಿಗೂ ವೈದ್ಯರಿಗೂ ಇವತ್ತೇ ಹೇಳಿಬಿಡಿ.